ಇಳಿಯಲೊಲ್ಲದ ತಾತ್ಕಾಲಿಕ ಶುಲ್ಕ

ಮಾನ್ಯ ಜಲಸಾರಿಗೆ ದರ ನಿಯಂತ್ರಣಾಧಿಕಾರಿಗಳೇ,

ಎಣ್ಣೆಯ ಬೆಲೆ ಇಳಿದು ಐದು ತಿಂಗಳಾಯಿತು. ವಿಹಾರದ ಹಡಗಿನವರು ಟಿಕೆಟ್ಟಿನ ಮೇಲೆ ಹೇರಿದ ಇಂಧನ ಶುಲ್ಕ ಮಾತ್ರ ಹೇರಿದ ದಿನ ಎಷ್ಟಿತ್ತೋ ಇಂದಿಗೂ ಅಷ್ಟೇ ಇದೆ. ಬರುವ ಹತ್ತನೇ ತಾರೀಖಿನೊಳಗೆ ಅದನ್ನು ಕಟ್ಟದಿದ್ದರೆ ನನ್ನ ಅಪ್ಪನ ಟಿಕೆಟ್ಟೂ ನನ್ನ ಟಿಕೆಟ್ಟೂ ರದ್ದು. ಹಡಗು ಹೊರಡುವುದು ಹದಿನೆಂಟಕ್ಕೆ. ಅದು ತಪ್ಪಿದರೆ ಮುಂದಿನ ಹಡಗು ಆರು ತಿಂಗಳ ನಂತರ. ಆರು ತಿಂಗಳು ಅಪ್ಪನ ಶ್ವಾಸಕೋಶ ಕಾಯುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದಾರೆ. ನಿಮ್ಮ ಕಚೇರಿಯ ಅರ್ಜಿಯಲ್ಲಿ ‘ವಿಷಯ’ ಎಂಬ ಕಡೆ ಒಂದೇ ಸಾಲು ಬರೆಯಬೇಕಂತೆ. ಇದನ್ನು ಒಂದು ಸಾಲಿಗೆ ಇಳಿಸಲು ನನ್ನಿಂದಾಗಲಿಲ್ಲ, ಕ್ಷಮಿಸಿ.

ವಿಹಾರಕ್ಕೆ ಹೊರಟವರಿಗೆ ಇಷ್ಟೊಂದು ಗೋಳೇಕೆ ಎಂದು ನಿಮಗನ್ನಿಸಬಹುದು. ನಿಮ್ಮ ಕಚೇರಿಯ ಗುಮಾಸ್ತರಿಗೂ ಹಾಗೇ ಅನ್ನಿಸಿತ್ತು. ಕಿಟಕಿಯೊಳಗಿಂದ ನನ್ನ ಖಾಕಿ ಅಂಗಿಯನ್ನೊಮ್ಮೆ ನೋಡಿ, “ಕ್ರೂಸ್‌ಗೆ ಹೋಗೋರು ಇಷ್ಟಕ್ಕೆಲ್ಲಾ ತಲೆ ಕೆಡಿಸ್ಕೊಳ್ತಾರಾ ಮೇಡಂ?” ಎಂದರು. ನಾನು ನಗರ ಸಾರಿಗೆಯ ಬಸ್ಸು ಓಡಿಸುವವಳು. ನಾಲ್ಕು ವರ್ಷ ಒಂದೇ ಒಂದು ರಜೆ ಹಾಕದೆ, ಆ ರಜೆಗಳನ್ನೆಲ್ಲ ಡಿಪೋಗೆ ಮಾರಿ ಈ ಎರಡು ಟಿಕೆಟ್ ಕೊಂಡಿದ್ದೇನೆ. ತಲೆ ಕೆಡಿಸಿಕೊಳ್ಳದೆ ಏನು ಮಾಡಲಿ ಹೇಳಿ?

ಅಪ್ಪನ ಕಥೆಯನ್ನು ನೀವು ಕೇಳಲೇಬೇಕು, ಏಕೆಂದರೆ ನನ್ನ ಬಳಿ ಇರುವ ಸಾಕ್ಷಿ ಅದೊಂದೇ. ಅವರು ಇಪ್ಪತ್ತೇಳು ವರ್ಷ ಪ್ರಯಾಣಿಕರ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು. ಯಂತ್ರಗಳ ಕೀಲುಗಳಿಗೆ ಎಣ್ಣೆ ಹಾಕುವುದು, ಬಿಸಿ ನೋಡುವುದು, ಒರೆಸುವುದು, ಮತ್ತೆ ಎಣ್ಣೆ ಹಾಕುವುದು. ಮೇಲಿನ ಅಂತಸ್ತಿನಿಂದ ಏಳು ಏಣಿ ಇಳಿದರೆ ಅವರ ಜಾಗ. ಜೊತೆಗಾರರು ‘ಪಾತಾಳದಣ್ಣ’ ಎಂದು ಕರೆಯುತ್ತಿದ್ದರಂತೆ. ಮಸಿ ಬಟ್ಟೆಯವರು ಮೇಲೆ ಕಾಣಿಸಿಕೊಂಡರೆ ಪ್ರಯಾಣಿಕರಿಗೆ ಇರುಸುಮುರುಸಾಗುತ್ತದೆಂದು ಅವರಿಗೆ ಮೇಲಿನ ಅಂತಸ್ತು ನಿಷಿದ್ಧವಾಗಿತ್ತು. ಹಡಗಿನ ಪಕ್ಕೆಯ ಸಣ್ಣ ಬಾಗಿಲಲ್ಲಿ ಹತ್ತುವುದು, ಅದೇ ಬಾಗಿಲಲ್ಲಿ ಇಳಿಯುವುದು. ಆ ಗದ್ದಲದ ಅಭ್ಯಾಸ ಎಷ್ಟೆಂದರೆ ಇವತ್ತಿಗೂ ಅವರಿಗೆ ಸದ್ದಿಲ್ಲದ ಕಡೆ ನಿದ್ದೆ ಹತ್ತುವುದಿಲ್ಲ. ಕಟಕಟ ಎನ್ನುವ ಹಳೇ ಟೇಬಲ್ ಫ್ಯಾನೊಂದನ್ನು ಚಳಿಯಲ್ಲೂ ಗೋಡೆಗೆ ಮುಖ ಮಾಡಿ ಓಡಿಸಿಕೊಂಡು ಮಲಗುತ್ತಾರೆ.

ನಾನು ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಬಂದವರೇ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಡಲಿನ ಕಥೆ ಹೇಳುತ್ತಿದ್ದರು. ಹಡಗಿನ ಪಕ್ಕಕ್ಕೇ ಈಜಿಕೊಂಡು ಬರುವ ಡಾಲ್ಫಿನ್‌ಗಳು, ನೀರಿಗೆ ಮುಟ್ಟಿದ ಕೂಡಲೇ ಚಪ್ಪಟೆಯಾಗುವ ಸೂರ್ಯ, ಯಾವ ಕಡೆ ತಿರುಗಿದರೂ ದಡವೆಂಬುದೇ ಇಲ್ಲದ ನೀಲಿ. ಶಾಲೆಯಲ್ಲಿ ಅವನ್ನು ನಾನು ಕಣ್ಣಾರೆ ಕಂಡವಳಂತೆ ಹೇಳಿಕೊಂಡು ಮೆರೆದಿದ್ದೇನೆ. ಕಳೆದ ವರ್ಷ ಆಮ್ಲಜನಕದ ಯಂತ್ರ ಮನೆಗೆ ಬಂದ ವಾರ, ಟಿವಿಯಲ್ಲಿ ಕ್ರೂಸ್ ಜಾಹೀರಾತು ಬರುತ್ತಿತ್ತು. “ಅಪ್ಪಾ, ನೀನು ಹೇಳ್ತಿದ್ದ ಸೂರ್ಯ ನೋಡು” ಎಂದೆ. ಅವರು ಪರದೆಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

“ಅದೆಲ್ಲಾ ಅಡುಗೆಯವನು ಹೇಳಿದ್ದು ಮಗಾ. ಅವನು ಮೇಲೆ ಹೋಗಿ ಸಿಗರೇಟು ಸೇದಿ ಬಂದು ನಂಗೆ ಹೇಳೋನು. ನಾನು ನಿಂಗೆ ಹೇಳ್ತಿದ್ದೆ. ನಾನು ಬಂದರು ನೋಡಿದೀನಿ ಅಷ್ಟೇ, ಕಡಲು ನೋಡಿಲ್ಲ.”

ಇಪ್ಪತ್ತೇಳು ವರ್ಷ ಕಡಲಿನ ಮೇಲಿದ್ದು ಕಡಲು ನೋಡದ ಮನುಷ್ಯ! ನನಗೆ ಸಿಟ್ಟು ಬರಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಅಷ್ಟೇ. ಮಾರನೇ ವಾರ ಟಿಕೆಟ್ ಕೊಂಡೆ.

ಟಿಕೆಟ್ ಕೊಂಡು ತಿಂಗಳಾಗಿರಲಿಲ್ಲ, ಕಂಪನಿಯಿಂದ ಕಾಗದ ಬಂತು. ಕಚ್ಚಾ ತೈಲದ ಬೆಲೆ ನಿಗದಿತ ಗೆರೆ ದಾಟಿದ ಕಾರಣ ಪ್ರತಿ ಪ್ರಯಾಣಿಕರೂ ದಿನವೊಂದಕ್ಕೆ ಇಷ್ಟರಂತೆ ‘ಹೆಚ್ಚುವರಿ ಇಂಧನ ಶುಲ್ಕ (ತಾತ್ಕಾಲಿಕ)’ ಕಟ್ಟತಕ್ಕದ್ದು. ಕೆಳಗೆ ನಿಮ್ಮ ಕಚೇರಿಯ ಅನುಮತಿಯ ಸಂಖ್ಯೆ. ಆಗ ನಾನು ತಕರಾರು ಮಾಡಲಿಲ್ಲ. ಬೆಲೆ ಏರಿದ್ದು ನಿಜವೇ ಆಗಿತ್ತು, ಡಿಪೋದ ಕಪ್ಪು ಹಲಗೆಯಲ್ಲಿ ಡೀಸೆಲ್ ದರವನ್ನು ದಿನಾ ಬೆಳಿಗ್ಗೆ ನೋಡುವವಳು ನಾನು. ಕಂತಿನಲ್ಲಿ ಕಟ್ಟಿದರಾಯಿತು ಎಂದುಕೊಂಡೆ. ಎರಡು ತಿಂಗಳಲ್ಲಿ ಅದೇ ಹಲಗೆಯ ಅಂಕಿ ಜರ್ರನೆ ಇಳಿಯಿತು. ಕಚ್ಚಾ ತೈಲವೂ ಕಂಪನಿ ಹೇಳಿದ ಗೆರೆಗಿಂತ ಎಷ್ಟೋ ಕೆಳಗಿಳಿದು ಅಲ್ಲೇ ಕೂತಿತು. ಇನ್ನೇನು, ಶುಲ್ಕ ಹೋಯಿತು ಎಂದು ಅಪ್ಪನಿಗೆ ಹೇಳಿ, ಆ ಹಣದಲ್ಲಿ ಹಡಗಿಗೆ ಒಯ್ಯಲು ಕೈಯಲ್ಲಿ ಹಿಡಿಯುವ ಸಣ್ಣ ಆಮ್ಲಜನಕದ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿದೆ. ನನ್ನ ಮೂರ್ಖತನ ನೋಡಿ.

ನಿಮ್ಮ ಅನುಮತಿ ಆದೇಶವನ್ನು ಆಮೇಲೆ ತರಿಸಿ ಓದಿದೆ. ಬೆಲೆ ಗೆರೆ ದಾಟಿದಲ್ಲಿ ಶುಲ್ಕವನ್ನು ‘ಕೂಡಲೇ’ ವಿಧಿಸಬಹುದು. ಬೆಲೆ ಇಳಿದಲ್ಲಿ ‘ಸೂಕ್ತ ಕಾಲದಲ್ಲಿ ಪರಿಶೀಲಿಸಲಾಗುವುದು’. ಮಾನ್ಯರೇ, ಯಾರು ಪರಿಶೀಲಿಸುತ್ತಾರೆ? ನೀವೇ? ಅವರೇ? ಅಥವಾ ಪರಿಶೀಲನೆ ಎಂಬುದು ತಾನಾಗಿ ಆಗುವಂಥದ್ದೇ? ಏರುವಾಗ ಕೂಡಲೇ ಬರುವ ಕಾಲ ಇಳಿಯುವಾಗ ಎಲ್ಲಿಗೆ ಹೋಗಿರುತ್ತದೆ? ನಾನು ಬಸ್ಸಿನ ಬ್ರೇಕನ್ನು ಸೂಕ್ತ ಕಾಲದಲ್ಲಿ ಪರಿಶೀಲಿಸಿ ಒತ್ತುತ್ತೇನೆ ಎಂದರೆ ನೀವು ನನ್ನ ಬಸ್ಸು ಹತ್ತುತ್ತೀರಾ?

ಕಂಪನಿಯ ಟಿಕೆಟ್ ಕಚೇರಿಗೂ ಹೋದೆ. ಅಲ್ಲಿನ ಮೇಲ್ವಿಚಾರಕರು ಬಹಳ ಮರ್ಯಾದಸ್ಥರು, ಕುರ್ಚಿ ಕೊಟ್ಟು ನೀರು ಕೊಟ್ಟರು. “ನೋಡಿ ಮೇಡಂ, ಈಗ ಹಡಗಲ್ಲಿ ಉರೀತಿರೋದು ಮುಂಚೇನೇ ಜಾಸ್ತಿ ಬೆಲೆಗೆ ಒಪ್ಪಂದ ಮಾಡ್ಕೊಂಡಿದ್ದ ಎಣ್ಣೆ. ಅದು ಮುಗೀಬೇಕಲ್ವಾ?” ಎಂದು ಸಮಾಧಾನ ಹೇಳಿದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರಿಗೆ ನಗು ಬಂದು, ನಗು ಕೆಮ್ಮಾಗಿ, ಐದು ನಿಮಿಷ ಬೆನ್ನು ನೀವಬೇಕಾಯಿತು.

“ತೊಟ್ಟಿ ತುಂಬಿಸ್ಕೊಂಡ್ರೂ ಮೂರು ವಾರ ಬಂದ್ರೆ ಹೆಚ್ಚು ಕಣೇ. ಐದು ತಿಂಗಳಿಂದ ಹಳೇ ಎಣ್ಣೇನೇ ಉರೀತಿದೆ ಅಂದ್ರೆ ಅದು ಹಡಗಲ್ಲ, ಲಾಟೀನು” ಎಂದರು ಉಸಿರು ಸಿಕ್ಕಮೇಲೆ.

ಒಪ್ಪಂದದ ಮಾತೇ ನಿಜವಿರಲಿ, ನಾನು ಒಪ್ಪುತ್ತೇನೆ. ಹಾಗಾದರೆ ಬೆಲೆ ಏರಿದ ದಿನ ಹಡಗಿನಲ್ಲಿ ಉರಿಯುತ್ತಿದ್ದುದು ಅದಕ್ಕೂ ಮುಂಚೆ ಕಡಿಮೆ ಬೆಲೆಗೆ ಒಪ್ಪಂದವಾದ ಎಣ್ಣೆಯೇ ಅಲ್ಲವೇ? ಅವತ್ತು ಯಾರೂ ಮುಗಿಯಲಿ ಎಂದು ಕಾಯಲಿಲ್ಲವಲ್ಲ! ಏರುವಾಗ ಹೊಸ ಎಣ್ಣೆ, ಇಳಿಯುವಾಗ ಹಳೇ ಎಣ್ಣೆ. ಎರಡೂ ಸಲ ಜೇಬಿಗೆ ಕೈ ಹಾಕಬೇಕಾದವರು ಮಾತ್ರ ನಾವೇ. ಇನ್ನೂ ಒಂದು ಮಾತು. ಶುಲ್ಕವನ್ನು ತಲೆಗಿಷ್ಟು ಎಂದು ವಿಧಿಸಿದ್ದಾರೆ. ನಮ್ಮಪ್ಪನ ತೂಕ ಈಗ ನಲವತ್ತೊಂದು ಕಿಲೋ. ನಲವತ್ತೊಂದು ಕಿಲೋ ಮನುಷ್ಯನನ್ನು ಎಂಟು ದಿನ ನೀರಿನ ಮೇಲೆ ಸುತ್ತಿಸಲು ಎಷ್ಟು ಎಣ್ಣೆ ಉರಿಯುತ್ತದೆಂದು ಅಪ್ಪನನ್ನೇ ಕೇಳಿ. ಅದನ್ನು ಉರಿಸಿದವರು ಅವರು.

ಕೊನೆಗೆ ನಿಮಗೇ ದೂರು ಕೊಡೋಣವೆಂದು ನಿಮ್ಮ ಕಚೇರಿಯಿಂದ ನಮೂನೆ ತಂದೆ. ಎರಡೂ ಟಿಕೆಟ್ಟಿನ ಬುಕಿಂಗ್ ಅಪ್ಪನ ಹೆಸರಿನಲ್ಲಿ ಇರುವುದರಿಂದ ಅವರೇ ಕೈಯಾರೆ ತುಂಬಬೇಕಂತೆ. ನಾನು ಪಾಳಿಗೆ ಹೋಗಿದ್ದಾಗ ಕಿಟಕಿಯ ಪಕ್ಕ ಕೂತು, ಕನ್ನಡಕ ಹಾಕಿಕೊಂಡು, ಒಂದು ಅಕ್ಷರ ಚಿತ್ತಿಲ್ಲದಂತೆ ತುಂಬಿದ್ದರು. ನಾನು ಪೂರ್ತಿ ನೋಡದೆ ಲಕೋಟೆಗೆ ಹಾಕಿಬಿಟ್ಟೆ. ಮೂರನೇ ಅಂಕಣದಲ್ಲಿ ‘ಹಡಗಿನೊಂದಿಗೆ ಅರ್ಜಿದಾರರ ಸಂಬಂಧ’ ಎಂದಿತ್ತು. ಪ್ರಯಾಣಿಕ, ಸಿಬ್ಬಂದಿ, ಇತರೆ ಎಂದು ಮೂರು ಚೌಕ. ಅಪ್ಪ ಸಿಬ್ಬಂದಿಗೆ ಗುರುತು ಹಾಕಿ, ಮುಂದೆ ದುಂಡಗೆ ‘ಎಂಜಿನ್ ಕೋಣೆ’ ಎಂದು ಬರೆದಿದ್ದರು.

ಅರ್ಜಿ ನಿಮ್ಮಲ್ಲಿನ ಹಡಗು ನೌಕರರ ವಿಭಾಗಕ್ಕೆ ಹೋಯಿತು. ಅವರು ಹಳೆಯ ಕಡತ ಹುಡುಕಿ ತೆಗೆದರು. ಆ ಶ್ರದ್ಧೆಗೆ ನನ್ನ ನಮಸ್ಕಾರ. ಉತ್ತರ ಹೀಗೆ ಬಂತು: ‘ಅರ್ಜಿದಾರರು ತಾತ್ಕಾಲಿಕ ನೌಕರರಾಗಿದ್ದ ಕಾರಣ ಅವರಿಗೆ ಯಾವುದೇ ಹಕ್ಕು ಪ್ರಾಪ್ತವಾಗುವುದಿಲ್ಲ. ಕಡತವನ್ನು ಮುಕ್ತಾಯಗೊಳಿಸಲಾಗಿದೆ.’

ಹೌದು ಮಾನ್ಯರೇ, ಅಪ್ಪ ಇಪ್ಪತ್ತೇಳು ವರ್ಷವೂ ತಾತ್ಕಾಲಿಕ. ವರ್ಷಕ್ಕೊಂದು ದಿನ ಅವರನ್ನು ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಹಡಗು ನಡುನೀರಿನಲ್ಲಿದ್ದರೂ ಆ ಒಂದು ದಿನ ಅವರು ಕಾಗದದ ಮೇಲೆ ನಿರುದ್ಯೋಗಿ. ಹಾಗೆಂದು ಆ ದಿನವಾದರೂ ಮೇಲೆ ಹೋಗಿ ಗಾಳಿ ಕುಡಿಯಲು ಬಿಟ್ಟರೇ? ಇಲ್ಲ, ಎಂಜಿನ್ ನಿಲ್ಲುವಂತಿರಲಿಲ್ಲ. ಪಿಂಚಣಿಯೂ ಇಲ್ಲ, ಔಷಧದ ಖರ್ಚೂ ಇಲ್ಲ. ಎಣ್ಣೆಹೊಗೆ ಕುಡಿದ ಶ್ವಾಸಕೋಶವೊಂದೇ ಅವರು ಕಾಯಂ ಆಗಿ ಮನೆಗೆ ತಂದದ್ದು. ಹಾಗಾಗಿ ನಿಮ್ಮ ಶುಲ್ಕದ ಕಂಸದೊಳಗೆ ‘ತಾತ್ಕಾಲಿಕ’ ಎಂಬ ಪದ ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆ ಪದ ಎಷ್ಟು ವರ್ಷ ಬಾಳುತ್ತದೆ ಎಂದು ನಮ್ಮ ಮನೆಯವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮನುಷ್ಯ ತಾತ್ಕಾಲಿಕವಾದರೆ ಅವನಿಗೆ ಯಾವ ಹಕ್ಕೂ ಇಲ್ಲ. ಶುಲ್ಕ ತಾತ್ಕಾಲಿಕವಾದರೆ ಅದನ್ನು ಮುಟ್ಟುವ ಹಕ್ಕು ಯಾರಿಗೂ ಇಲ್ಲ.

“ಯಾಕಪ್ಪಾ ಸಿಬ್ಬಂದಿ ಅಂತ ಹಾಕ್ದೆ?” ಎಂದು ಕೂಗಾಡಿಬಿಟ್ಟೆ ಅವತ್ತು.

“ನಾನ್ಯಾವತ್ತು ಪ್ರಯಾಣಿಕ ಆಗಿದ್ದೆ ಮಗಾ? ಇನ್ನೂ ಹತ್ತೇ ಇಲ್ವಲ್ಲ” ಎಂದರು ಅವರು. ಸುಳ್ಳು ಬರೆಯಬಾರದು ಎಂದುಕೊಂಡಿದ್ದರಂತೆ.

ತಿದ್ದಿದ ಅರ್ಜಿಯೊಂದಿಗೆ ಮತ್ತೆ ನಿಮ್ಮ ಕಿಟಕಿಗೆ ಬಂದೆ. ಮುಕ್ತಾಯವಾದ ಕಡತ ತೆರೆಯಲು ಮೂರು ತಿಂಗಳು ಬೇಕೆಂದರು. ನಿಮ್ಮನ್ನು ಕಾಣಬೇಕೆಂದೆ. ಸಭೆಯಲ್ಲಿದ್ದೀರಿ ಎಂದರು. ಮೂರು ದಿನ, ಬೆಳಗಿನ ಪಾಳಿ ಮುಗಿಸಿ ಬಂದು, ನಿಮ್ಮ ಬಾಗಿಲ ಮುಂದಿನ ಬೆಂಚಿನಲ್ಲಿ ಕೂತೆ. ಒಂದು ಕಾಲಿನ ಕೆಳಗೆ ಕಾಗದದ ಮಡಿಕೆ ಇಟ್ಟಿರುವ, ಅಲ್ಲಾಡುವ ಬೆಂಚು ಅದು. ಸಭೆ ಮುಗಿಯಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಇಷ್ಟು ಹೊತ್ತು ಕೊಂಕು ಆಡಿದೆ. ಬಸ್ಸಿನವರ ಬಾಯಿ, ಬೇಸರ ಮಾಡಿಕೊಳ್ಳಬೇಡಿ. ಈಗ ನೇರವಾಗಿ ಬೇಡುತ್ತೇನೆ. ನನ್ನ ಕೈಯಲ್ಲಿರುವ ಹಣ ಶುಲ್ಕಕ್ಕೆ ಸಾಕು, ಇಲ್ಲವೇ ಆ ಸಣ್ಣ ಯಂತ್ರದ ಬಾಡಿಗೆಗೆ ಸಾಕು. ಎರಡಕ್ಕೂ ಸಾಲದು. ಶುಲ್ಕ ಕಟ್ಟಿದರೆ ಯಂತ್ರವಿಲ್ಲ, ಯಂತ್ರವಿಲ್ಲದವರನ್ನು ಹಡಗಿನ ವೈದ್ಯರು ಹತ್ತಿಸಿಕೊಳ್ಳುವುದಿಲ್ಲ. ಯಂತ್ರ ತಂದರೆ ಟಿಕೆಟ್ಟಿಲ್ಲ. ಡಿಪೋದಲ್ಲಿ ಮುಂಗಡ ತೆಗೆದಾಗಿದೆ. ಸೋದರತ್ತೆಯ ಮುಂದೆ ಕೈಯೊಡ್ಡಿದ್ದೂ ಆಗಿದೆ, ಅವರು ಕೊಟ್ಟಿದ್ದೂ ಆಗಿದೆ. ಇನ್ನು ನನಗೆ ಯಾವ ಬಾಗಿಲೂ ಉಳಿದಿಲ್ಲ. ದಿನಾ ನೂರಾರು ಜನರನ್ನು ಅವರವರ ನಿಲ್ದಾಣಕ್ಕೆ ಮುಟ್ಟಿಸುತ್ತೇನೆ. ಹೆತ್ತ ಅಪ್ಪನನ್ನು ಹಡಗಿನ ಏಳು ಏಣಿ ಹತ್ತಿಸುವುದು ನನ್ನ ಕೈಲಾಗುತ್ತಿಲ್ಲ ಎಂದು ಸ್ಟಿಯರಿಂಗ್ ಹಿಡಿದಾಗ ನೆನಪಾದರೆ ಕಣ್ಣು ಮಂಜಾಗುತ್ತದೆ. ಬಸ್ಸು ಓಡಿಸುವವಳಿಗೆ ಅದು ಒಳ್ಳೆಯದಲ್ಲ.

ಎರಡಕ್ಕೂ ಹಣ ಸಾಲದೆಂಬುದು ಅಪ್ಪನಿಗೆ ತಿಳಿಯಬಾರದೆಂದು ಮುಚ್ಚಿಟ್ಟಿದ್ದೆ. ಆದರೆ ತಿಳಿದುಹೋಯಿತು. ಪ್ರಯಾಣಕ್ಕೆಂದು ಒಂದು ಬಿಳಿ ಅಂಗಿ ತಂದುಕೊಟ್ಟಿದ್ದೆ. ಹಡಗಿನ ಮೇಲೆ ಅವರು ಬಿಳಿ ತೊಟ್ಟವರಲ್ಲ. ನಿನ್ನೆ ಮಧ್ಯಾಹ್ನ ಅದನ್ನು ಮಡಚಿ ಅಂಗಡಿಯ ಚೀಲಕ್ಕೆ ವಾಪಸು ಹಾಕಿ, ಚೀಟಿಯನ್ನೂ ಮೇಲಿಟ್ಟು ನನಗೆ ಕೊಟ್ಟರು.

“ಇದನ್ನ ವಾಪಸ್ ಮಾಡು. ಆ ಹಡಗಿನೋರಿಗೆ ಒಂದ್ಮಾತು ಹೇಳಿ ನೋಡು. ಎಣ್ಣೆ ದುಡ್ಡಿನ ಬದಲು ನಾನು ಎಂಟು ದಿನ ಕೆಳಗೆ ಕೆಲಸ ಮಾಡ್ಕೊಡ್ತೀನಿ. ದಿನಕ್ಕೆ ಹತ್ತು ನಿಮಿಷ ಮೇಲೆ ಬಿಟ್ರೆ ಸಾಕು.”

ಅಂಗಿಯನ್ನು ನಾನು ವಾಪಸು ಮಾಡಿಲ್ಲ. ಮಾಡುವುದೂ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಶುಲ್ಕವನ್ನು ಬಿಟ್ಟಿಯಾಗಿ ಮನ್ನಾ ಮಾಡಿ ಎಂದು ಕೇಳುತ್ತಿಲ್ಲ, ನಮ್ಮಪ್ಪನಿಗೊಬ್ಬರಿಗೇ ವಿನಾಯಿತಿ ಕೊಡಿ ಎಂದೂ ಕೇಳುತ್ತಿಲ್ಲ. ನಿಮ್ಮ ಆದೇಶವನ್ನು ಮೇಜಿನ ಮೇಲಿಟ್ಟುಕೊಂಡು, ‘ತಾತ್ಕಾಲಿಕ’ ಎಂಬ ಪದದ ಮುಂದೆ ಅದು ಮುಗಿಯುವ ತಾರೀಖನ್ನು ಬರೆಯಿರಿ. ಆ ತಾರೀಖು ಹತ್ತಕ್ಕಿಂತ ಮುಂಚಿನದಾಗಿರಲಿ. ಹೋದ ವಾರ ವೈದ್ಯರೂ ಅದೇ ಪದ ಬಳಸಿದರು. “ಈಗ ಕಾಣ್ತಿರೋ ಚೇತರಿಕೆ ತಾತ್ಕಾಲಿಕ” ಎಂದರು. ಆದರೆ ಅವರು ನಿಮ್ಮ ಹಾಗೆ ಸೂಕ್ತ ಕಾಲ ಎನ್ನಲಿಲ್ಲ. ನಾನು ಕೇಳಿದೆ, ಅವರು ಗೋಡೆಯ ಕ್ಯಾಲೆಂಡರ್ ನೋಡಿ ಒಂದು ತಾರೀಖು ಹೇಳಿದರು.

ಇಂತಿ,
ಒಬ್ಬ ತಾತ್ಕಾಲಿಕ ನೌಕರನ
ಕಾಯಂ ಮಗಳು