ಹನ್ನೊಂದನೇ ಚಿತ್ರದ ಎರಡು ರೆಕ್ಕೆ

ಅಕ್ಟೋಬರ್ ೧೪, ಮಂಗಳವಾರ
ಕೀಟಗಳ ಕೋಣೆ, ಮಧ್ಯಾಹ್ನದ ಚಹಾ ಮುಗಿದ ಮೇಲೆ

ಪ್ರೀತಿಯ ಗುಂಡುಸೂಜಿಗೆ,

ಅಮ್ಮನ ನೆನಕೆಗಳು. ನಾನು ಕ್ಷೇಮ. ಮಂಡಿ ಮಾತ್ರ ಕ್ಷೇಮವಲ್ಲ, ಮೆಟ್ಟಿಲು ಕಂಡರೆ ಸಾಕು ಗೊಣಗುತ್ತದೆ, ಥೇಟ್ ನನ್ನ ಹಾಗೆ. ನಾಲ್ಕು ತಿಂಗಳಿಂದ ನಿನಗೆ ಒಂದು ಸಾಲು ಬರೆದಿಲ್ಲ. ನೀನೂ ಬರೆದಿಲ್ಲವಲ್ಲ ಎಂದು ತಿರುಗಿಸಿ ಹೇಳಬಹುದಿತ್ತು, ಆದರೆ ತಪ್ಪು ನನ್ನದೇ, ಕ್ಷಮಿಸು. ಈ ಪದವನ್ನು ನಾನು ಜೀವಮಾನದಲ್ಲಿ ಎಷ್ಟು ಸಲ ಬಳಸಿದ್ದೇನೆಂದು ನಿನಗೆ ಗೊತ್ತು. ಕೈತಪ್ಪಿ ಬಂದದ್ದೆಂದು ತಿಳಿಯಬೇಡ.

ಭಾನುವಾರ ನಿನ್ನ ಚಿಕ್ಕಮ್ಮ ಫೋನ್ ಮಾಡಿದ್ದಳು. "ಅಕ್ಕಾ, ಅವಳು ಬಣ್ಣದ ಪೆಟ್ಟಿಗೇನೇ ಪಕ್ಕದ ಮನೆಯವರಿಗೆ ಕೊಟ್ಬಿಟ್ಟಿದ್ದಾಳೆ ಕಣೇ. ಛತ್ರಿ ಅಂಗಡೀಲಿ ಕೆಲಸಕ್ಕೆ ಸೇರಿದಾಳೆ. ಯಾಕೆ ಅಂತ ಕೇಳಿದ್ರೆ ತುಟಿ ಬಿಚ್ಚಲ್ಲ" ಎಂದಳು. ಛತ್ರಿಯೇನೇ ಎಂದು ನಾನು ಎರಡೆರಡು ಸಲ ಕೇಳಿದೆ. ಆರು ವರ್ಷ ಕೂತು ಕೀಟಗಳ ಚಿತ್ರ ಬರೆಯಲು ಕಲಿತವಳು ಛತ್ರಿ ಬಿಚ್ಚಿ ಮಡಿಸಿ ತೋರಿಸುತ್ತಿದ್ದಾಳೆ. ಯಾಕೆಂದು ನನಗೆ ಈಗ ಗೊತ್ತಾಗಿದೆ. ನೀನು ಮತ್ತೆ ಕುಂಚ ಹಿಡಿಯಬೇಕು, ಅದನ್ನು ಕೇಳುವುದಕ್ಕೇ ಈ ಪತ್ರ. ಆದರೆ ನನ್ನ ಸ್ವಭಾವ ನಿನಗೆ ತಿಳಿದದ್ದೇ. ಮೊದಲು ನಾಲ್ಕು ಜನರನ್ನು ಬೈಯದೆ ನನ್ನ ಬಾಯಿಂದ ನಿಜ ಹೊರಡುವುದಿಲ್ಲ.

ಮೊದಲು ನಮ್ಮ ಹೊಸ ನಿರ್ದೇಶಕ. ಈ ವಸ್ತುಸಂಗ್ರಹಾಲಯಕ್ಕೆ ಬರುವ ಮುಂಚೆ ಈತ ಸೋಪಿನ ಕಂಪನಿಯವರಿಗೆ ಪ್ರದರ್ಶನದ ಮಳಿಗೆ ಕಟ್ಟಿಕೊಡುತ್ತಿದ್ದನಂತೆ. ನಾನು ಸೋಪಿನ ಸಾಹೇಬ ಎಂದು ಹೆಸರಿಟ್ಟೆ. ಈಗ ಬಾಗಿಲ ಕಾವಲಿನವನೂ ಹಾಗೇ ಕರೆಯುತ್ತಾನೆ. ಹಳದಿ ಕಪ್ಪು ಪಟ್ಟೆಯ ಟೈ, ಕಂಕುಳಲ್ಲಿ ಫೈಲು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂಥ ಠೀವಿ. ಮೂವತ್ತೊಂದು ವರ್ಷದಿಂದ ಕೀಟಗಳಿಗೆ ಸೂಜಿ ಚುಚ್ಚುತ್ತಿರುವ ನನ್ನ ಮೇಜಿನ ಮುಂದೆ ನಿಂತು ಮೊದಲ ದಿನವೇ ಕೇಳಿದ, "ಇದ್ರಲ್ಲಿ ಜನ ಯಾವ ಹುಳ ನೋಡೋಕೆ ಬರ್ತಾರೆ ಮೇಡಂ?" ಅವನಿಗೆ ಜೀರುಂಡೆಯೂ ಹುಳ, ಚಿಟ್ಟೆಯೂ ಹುಳ, ತಿಗಣೆಯೂ ಹುಳ. "ನಿಮ್ಮನ್ನ ನೋಡೋಕೆ ಬರ್ತಾರೆ" ಎಂದೆ. ಆತ ನಕ್ಕುಬಿಟ್ಟ. ಬೈದರೆ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಾಡಿನ ಕೀಟಗಳ ಎಚ್ಚರಿಕೆಯ ಬಣ್ಣದ ಮೇಲೆ ಒಂದು ಪ್ರದರ್ಶನ ಮಾಡೋಣ ಎಂದು ಆತನಿಗೆ ಹೇಳಿಕೊಟ್ಟವಳು ನಾನೇ. ನಿನಗೆ ಇದನ್ನೆಲ್ಲ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಆತನಿಗೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಕಣಜ ಎಲೆಯ ಹಿಂದೆ ಅಡಗುವುದಿಲ್ಲ. ಹಳದಿ ಕಪ್ಪು ಪಟ್ಟೆ ಹೊದ್ದು ಹಾಡಹಗಲೇ ಓಡಾಡುತ್ತದೆ. ಒಮ್ಮೆ ಕುಟುಕಿಸಿಕೊಂಡ ಹಕ್ಕಿ ಮತ್ತೆ ಆ ಪಟ್ಟೆಯ ತಂಟೆಗೆ ಬರುವುದಿಲ್ಲ. ಆ ಭಯದ ನೆರಳಲ್ಲಿ ಬದುಕುವುದು ಹೂನೊಣ. ಕೊಂಡಿಯಿಲ್ಲ, ವಿಷವಿಲ್ಲ, ಪಟ್ಟೆ ಮಾತ್ರ ಇದೆ. ಆದರೆ ವೇಷದವರು ಅಸಲಿಯವರಿಗಿಂತ ಹೆಚ್ಚಾಗಿಬಿಟ್ಟರೆ ಹಕ್ಕಿಗಳಿಗೆ ಪಟ್ಟೆಯ ಮೇಲಿನ ಭಯವೇ ಹೋಗುತ್ತದೆ.

"ಈ ಕಟ್ಟಡದಲ್ಲೂ ಹಾಗೇ ಆಗಿದೆ" ಎಂದೆ, ಅವನ ಟೈ ನೋಡುತ್ತಾ.

"ಅಂದ್ರೆ ನಾನು ನೊಣ ಅಂತೀರಾ?"

"ನಾನು ಯಾರ ಹೆಸರೂ ಎತ್ತಲಿಲ್ಲ."

"ಇರ್ಲಿ ಬಿಡಿ ಮೇಡಂ. ನೊಣಕ್ಕೂ ಹೊಟ್ಟೆಪಾಡು ಅಂತ ಇರತ್ತಲ್ಲ" ಎಂದು ಮತ್ತೆ ನಕ್ಕ.

ಜೂನ್ ತಿಂಗಳಲ್ಲಿ ಬಾಗಿಲ ಗೋಡೆಗೆ ಹಾಕುವ ಚಿತ್ರಕ್ಕೆ ಸ್ಪರ್ಧೆ ಇಟ್ಟರು. ಬರೆದವರ ಹೆಸರು ಮುಚ್ಚಿದ ಲಕೋಟೆಯಲ್ಲಿ, ಚಿತ್ರದ ಮೇಲೆ ಸಂಖ್ಯೆ ಮಾತ್ರ. ಪ್ರತಿ ಚಿತ್ರದ ಮೇಲೂ ಒಂದು ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ತಪ್ಪುಗಳನ್ನು ಅದರ ಮೇಲೆ ಗುರುತು ಮಾಡುವುದು ನಮ್ಮಲ್ಲಿ ಪದ್ಧತಿ. ಬಂದದ್ದು ಇಪ್ಪತ್ಮೂರು ಚಿತ್ರ. ತೀರ್ಪುಗಾರರು ಮೂವರು: ನಾನು, ಸೋಪಿನ ಸಾಹೇಬ, ಮತ್ತೆ ನಿವೃತ್ತರಾದ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಮೇಷ್ಟ್ರು ತೂಕಡಿಸುತ್ತಿದ್ದರು. ಎಚ್ಚರವಾದಾಗಲೆಲ್ಲ "ಹಿನ್ನೆಲೆ ಚೆನ್ನಾಗಿದೆ" ಎನ್ನುತ್ತಿದ್ದರು. ಖಾಲಿ ಹಾಳೆ ತೋರಿಸಿದ್ದರೂ ಅದನ್ನೇ ಹೇಳುತ್ತಿದ್ದರು.

ಚಿತ್ರಗಳೋ, ದೇವರಿಗೇ ಪ್ರೀತಿ. ಒಬ್ಬ ಚಿಟ್ಟೆಗೆ ರೆಪ್ಪೆಗೂದಲು ಬರೆದಿದ್ದ. ಇನ್ನೊಬ್ಬ ಜೀರುಂಡೆಗೆ ಎಂಟು ಕಾಲು ಅಂಟಿಸಿದ್ದ. ಹತ್ತನೆಯದಕ್ಕೆ ಬರುವ ಹೊತ್ತಿಗೆ ನನ್ನ ಕೆಂಪು ಪೆನ್ಸಿಲು ಅರ್ಧ ಸವೆದಿತ್ತು. ನಿಜ ಹೇಳಲೇ, ನನಗೆ ಖುಷಿಯಾಗುತ್ತಿತ್ತು. ಊರವರೆಲ್ಲ ದಡ್ಡರು ಎಂದು ಖಾತ್ರಿಯಾಗುವುದರಲ್ಲಿ ಒಂದು ಸುಖವಿದೆ, ಅದರ ರುಚಿ ನನಗೆ ಚೆನ್ನಾಗಿ ಹತ್ತಿದೆ.

ಹನ್ನೊಂದನೆಯದು ಬಂತು. ಒಂದು ಮಗುವಿನ ಬಿಚ್ಚಿದ ಅಂಗೈ, ಅದರ ನಡುವೆ ಹಳದಿ ಕಪ್ಪು ಪಟ್ಟೆಯ ಒಂದು ಕೀಟ. ಪಟ್ಟೆ ಕಂಡದ್ದೇ ತಡ, ಕಣಜ ಎಂದು ನಿಶ್ಚಯಿಸಿದೆ. ರೆಕ್ಕೆ ಎಣಿಸಿದೆ. ಎರಡೇ. ಪಿತ್ತ ನೆತ್ತಿಗೇರಿತು. "ಕಣಜವನ್ನು ಮಗುವಿನ ಕೈಮೇಲೆ ಕೂರಿಸಿರುವುದೇ ಮೂರ್ಖತನ. ಸಾಲದ್ದಕ್ಕೆ ಕಣಜಕ್ಕೆ ನಾಲ್ಕು ರೆಕ್ಕೆ. ನಾಲ್ಕರವರೆಗೆ ಎಣಿಸಲು ಬಾರದವರು ಕುಂಚ ಬಿಟ್ಟು ಛತ್ರಿಯಾದರೂ ಹಿಡಿಯಲಿ" ಎಂದು ಬರೆದೆ. ಓದಿ ಹೇಳಿದಾಗ ಮೇಷ್ಟ್ರು ಕೂಡ ಎಚ್ಚರಗೊಂಡು ನಕ್ಕರು. ಸಾಹೇಬ ಮಾತ್ರ ನಗಲಿಲ್ಲ. ಯಾವಾಗ ನಗಬೇಕೋ ಅದೂ ಗೊತ್ತಿಲ್ಲದ ಪ್ರಾಣಿ ಎಂದುಕೊಂಡೆ. ಟೀಕೆಗಳನ್ನೆಲ್ಲ ಟೈಪು ಮಾಡಿಸಿ, ನಮ್ಮ ಹೆಸರಿಲ್ಲದೆ, ಆಯಾ ಲಕೋಟೆಯ ವಿಳಾಸಕ್ಕೆ ಗುಮಾಸ್ತರು ಕಳಿಸಿದರು. ನಾನು ಮರೆತೇಬಿಟ್ಟೆ.

ಕಳೆದ ಗುರುವಾರ ಸಾಹೇಬ ಆ ಚಿತ್ರ ಹಿಡಿದು ನನ್ನ ಕೋಣೆಗೆ ಬಂದ. ಬಾಗಿಲಿಗೆಂದು ನಾವು ಆರಿಸಿದ್ದ ಇನ್ನೊಂದು ಚಿಟ್ಟೆಯ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿದರೆ ಕಿಟಕಿಯ ಪರದೆಯಂತೆ ಕಾಣುತ್ತದಂತೆ, ಅದಕ್ಕೇ ತಿರಸ್ಕರಿಸಿದವನ್ನು ಕೆದಕುತ್ತಿದ್ದನಂತೆ.

"ಮೇಡಂ, ಇದು ಕಣಜಾನೇನಾ?"

"ಕುರುಡರಿಗೂ ಗೊತ್ತಾಗತ್ತೆ."

"ಅಲ್ಲ, ನಾನು ಓದಿದವನಲ್ಲ, ತಪ್ಪು ತಿಳೀಬೇಡಿ. ಒಂದೊಂದೇ ಖಾನೆ ಎಳೆದು ಪಕ್ಕದಲ್ಲಿಟ್ಟು ನೋಡ್ತಾ ಬಂದೆ. ನಲವತ್ತೆರಡನೇ ಖಾನೇಲಿರೋದು ಥೇಟ್ ಹೀಗೇ ಇದೆ. ತಲೆ ತುಂಬಾ ಕಣ್ಣು, ಮೀಸೆ ಮಾತ್ರ ಮೋಟು. ಅಲ್ಲಿ ಚೀಟೀಲಿ ನೊಣ ಅಂತ ಬರೆದಿದೆ. ನಿಮ್ಮದೇ ಅಕ್ಷರ."

ಖಾನೆ ಎಳೆದೆ. "ಹೂನೊಣ. ಕಣಜದ ವೇಷ. ರೆಕ್ಕೆ ಎರಡೇ." ಇರುವೆ ಸಾಲಿನಂಥ ನನ್ನ ಅಕ್ಷರ. ಭೂತಗನ್ನಡಿ ಹಿಡಿದು ಚಿತ್ರ ನೋಡಿದೆ. ಎರಡನೇ ಜೊತೆ ರೆಕ್ಕೆಯ ಜಾಗದಲ್ಲಿ ನೊಣಗಳಿಗೆ ಇರುತ್ತದಲ್ಲ, ಸಾಸಿವೆಗಿಂತ ಚಿಕ್ಕ ಗಂಟಿನಂಥ ಗುಬುಟು, ಅದನ್ನೂ ಬರೆದವರು ಬಿಟ್ಟಿರಲಿಲ್ಲ. ಇಪ್ಪತ್ಮೂರರಲ್ಲಿ ನೂರಕ್ಕೆ ನೂರು ಸರಿಯಿದ್ದದ್ದು ಅದೊಂದೇ. ತಪ್ಪನ್ನು ಕನ್ನಡಕದ ಮೇಲೆ ಹಾಕಿ ಜಾರಿಕೊಳ್ಳಬಹುದಿತ್ತು, ಆದರೆ ಕನ್ನಡಕ ಚೆನ್ನಾಗಿಯೇ ಇದೆ. ರೆಕ್ಕೆಯನ್ನು ನಾನು ಸರಿಯಾಗಿಯೇ ಎಣಿಸಿದ್ದೆ. ಎಣಿಸಿದ್ದನ್ನು ನಂಬುವ ಬದಲು ಬರೆದವರು ದಡ್ಡರು ಎಂದು ನಂಬಿದೆ. ಹಕ್ಕಿಗಾದರೂ ಹಿಂದೆ ಕುಟುಕಿಸಿಕೊಂಡ ನೆಪವಿದೆ, ನನಗೆ ಏನಿತ್ತು? ಇಡೀ ಕಟ್ಟಡದಲ್ಲಿ ಬರೀ ಪಟ್ಟೆ ನೋಡಿ ಮೋಸಹೋದ ಮೂಢೆ ನಾನೊಬ್ಬಳೇ.

"ಇನ್ನೊಂದಿದೆ. ಆಗಸ್ಟ್‌ನಲ್ಲೇ ಬಂದಿತ್ತು, ಗುಮಾಸ್ತರು ಫೈಲಿಗೆ ಸೇರಿಸಿಬಿಟ್ಟಿದ್ರು" ಎಂದು ಸಾಹೇಬ ಕಂಕುಳ ಫೈಲಿನಿಂದ ಒಂದು ಕಾಗದ ತೆಗೆದುಕೊಟ್ಟ. "ಹನ್ನೊಂದನೇ ಚಿತ್ರ ವಾಪಸ್ ಕಳಿಸಬೇಡಿ. ಎಣಿಸಲು ಬಾರದವರದು ಕಸದ ಬುಟ್ಟಿಗೇ ಹೋಗಲಿ." ಅದರಲ್ಲಿ ಸಹಿ ಇರಲಿಲ್ಲ. ನನಗೆ ಸಹಿ ಬೇಕಾಗಲಿಲ್ಲ. ಆ ಬಾಗಿದ 'ಣ' ತಿದ್ದಿಸುತ್ತ ಒಂದು ಇಡೀ ಬೇಸಿಗೆ ನಿನ್ನ ಪಕ್ಕ ಕೂತವಳು ನಾನು. ಆ ಟೀಕೆ ಯಾರದೆಂದು ತಿಳಿಯಲು ನಿನಗೂ ಸಹಿ ಬೇಕಾಗಿರಲಿಕ್ಕಿಲ್ಲ.

"ಇವಳು ನನ್ನ ಮಗಳು" ಎಂದೆ.

ಸಾಹೇಬ ಈ ಸಲವೂ ನಗಲಿಲ್ಲ. ಕುರ್ಚಿ ಎಳೆದುಕೊಟ್ಟ. "ಬಾಗಿಲಿಗೆ ಇದನ್ನೇ ಹಾಕೋಣ ಅಂತ ನನಗೆ. ಒಪ್ಪಿಗೆ ಬೇಕಲ್ಲ. ನೀವು ಕೇಳ್ತೀರಾ, ನಾನೇ ಕೇಳ್ಲಾ?" ಎಂದ. ನಾನೇ ಕೇಳುತ್ತೇನೆ ಎಂದೆ. ಆತನ ಟೈ ಈಗಲೂ ನನಗೆ ಹಿಡಿಸುವುದಿಲ್ಲ.

ಕಲಿಯುವಾಗ ನೀನು ಚಿತ್ರ ಕಳಿಸುತ್ತಿದ್ದೆ, ನಾನು ತಪ್ಪುಗಳ ಪಟ್ಟಿ ಮಾಡಿ ಕಳಿಸುತ್ತಿದ್ದೆ. ಮೂರನೇ ವರ್ಷಕ್ಕೆ ನೀನು ಕಳಿಸುವುದನ್ನೇ ನಿಲ್ಲಿಸಿದೆ. ಪುರುಸೊತ್ತಿಲ್ಲವೇನೋ ಎಂದುಕೊಂಡೆ. ಈಗ ನೀನು ಹೆಸರಿಲ್ಲದೆ ಕಳಿಸಿದ್ದೆ. ಹೆಸರಿಲ್ಲದಿದ್ದರೆ ಅಮ್ಮ ಚೆನ್ನಾಗಿದೆ ಎಂದಾಳು ಎಂದಲ್ಲವೇ? ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಾನು ಹಿತ್ತಲೋ ಬೀದಿಯೋ ಎಂದು ನೋಡದೆ ಕಿತ್ತುಹಾಕಿದೆ.

ನಿನಗೆ ಏಳು ವರ್ಷವಿದ್ದಾಗ ಕಾಡಿನಲ್ಲಿ ಮುಷ್ಟಿ ಕಟ್ಟಿಕೊಂಡು ಓಡಿಬಂದದ್ದು ನೆನಪಾಯಿತು. ನಾನು ದೂರದಿಂದಲೇ "ಬಿಡೇ, ಕುಟುಕತ್ತೆ!" ಎಂದು ಅರಚಿದ್ದೆ. ನೀನು ಮುಷ್ಟಿ ಬಿಚ್ಚಿ, "ಎರಡೇ ರೆಕ್ಕೆ ಅಮ್ಮಾ, ನೀನೇ ಹೇಳ್ಕೊಟ್ಟಿದ್ದಲ್ವಾ?" ಎಂದಿದ್ದೆ. ಭೇಷ್ ಎನ್ನಬೇಕಿತ್ತು. "ಅದೃಷ್ಟ ಚೆನ್ನಾಗಿತ್ತು" ಎಂದೆ. ನೀನು ಇಪ್ಪತ್ತು ವರ್ಷ ಕಾದು ಅದನ್ನೇ ಬರೆದು ನನ್ನ ಮುಂದಿಟ್ಟರೂ ನಾನು ಗುರುತಿಸಲಿಲ್ಲ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಇಪ್ಪತ್ತನಾಲ್ಕನೇ ತಾರೀಕು, ಶುಕ್ರವಾರದೊಳಗೆ ಸಹಿ ಹಾಕಿ ಕಳಿಸಿದರೆ ಚಿತ್ರ ಗೋಡೆಗೆ ಏರುತ್ತದೆ. ಆಗುವುದಿಲ್ಲ ಎಂದರೆ ಅದೂ ನಿನ್ನ ಹಕ್ಕು. ಹಾಳೆಯ ಮೇಲಿದ್ದ ನನ್ನ ಟೀಕೆಯ ಕೆಳಗೆ "ಇದು ಹೂನೊಣ. ಚಿತ್ರ ಸರಿ, ಟೀಕೆ ತಪ್ಪು" ಎಂದು ಶಾಯಿಯಲ್ಲಿ ಬರೆದು ಸಹಿ ಹಾಕಿದ್ದೇನೆ. ಮೇಷ್ಟ್ರಿಗೂ ಓದಿ ಹೇಳಿದೆ. ಅವರು ಹಿನ್ನೆಲೆ ಚೆನ್ನಾಗಿದೆ ಎಂದರು. ಬಣ್ಣದ ಪೆಟ್ಟಿಗೆ ಪಕ್ಕದ ಮನೆಯವರಿಂದ ವಾಪಸ್ ಕೇಳಲು ನಾಚಿಕೆಯಾದರೆ ಹೇಳು, ಹೊಸದು ತಂದು ಇಟ್ಟಿದ್ದೇನೆ.

ನಿನ್ನ ಕಣ್ಣು ಹೀಗೇ ಚುರುಕಾಗಿರಲಿ, ಕೈ ನಡುಗದಿರಲಿ, ನನ್ನಂಥವರ ಮಾತು ನಿನ್ನ ಮೈಗೆ ಹತ್ತದಿರಲಿ. ನೂರು ಕಾಲ ಬಾಳು ಮಗಳೇ.

ನಿನ್ನ
ಅಮ್ಮ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಚಿತ್ರದ ಅಂಗೈಯಲ್ಲಿ ಹೆಬ್ಬೆರಳಿನ ಬುಡಕ್ಕೆ ಒಂದು ಬಿಳಿ ಗೀರು ಇದೆ. ಜೂನ್‌ನಲ್ಲಿ ಅದಕ್ಕೂ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ "ಬಣ್ಣ ಜಾರಿದೆ" ಎಂದು ಬರೆದಿದ್ದೆ. ನಿನಗೆ ನಾಲ್ಕು ವರ್ಷವಿದ್ದಾಗ ನನ್ನ ಮೇಜಿನ ಮೇಲಿದ್ದ ಖಾನೆಯ ಗಾಜು ಒಡೆದು ಆದ ಗಾಯ ಅದು. ನಿನ್ನ ಕೈಯಿಂದ ರಕ್ತ ಸುರಿಯುತ್ತಿತ್ತು, ನಾನು ಬಗ್ಗಿ ಮೊದಲು ಕೀಟಗಳನ್ನು ಎಣಿಸಿದೆ, ಒಂದೂ ಮುರಿದಿಲ್ಲ ಎಂದು ಸಮಾಧಾನವಾದ ಮೇಲೆ ನಿನ್ನ ಕೈ ನೋಡಿದೆ. ಈ ಸಲ ಕೀಟವನ್ನೂ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ.