ಹರಿದ ಬಟ್ಟೆಯ ನೆಪ

ಬುಧವಾರ, ಮಧ್ಯಾಹ್ನ
ಕಚೇರಿಯಿಂದ

ಅಮ್ಮಾ,

ನಿನ್ನ ಮಗಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಡಬಹುದು, ಆದರೆ ಈ ವಾರ ಅದನ್ನು ಬರೆಯಲು ಕೈ ಬರುತ್ತಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಕೋಣೆಯ ಚಿಲಕ ರಿಪೇರಿ ಮಾಡಿಸಿದ್ದೇನೆ, ಕೆಳಗಿನ ಔಷಧದಂಗಡಿಯವರು ಈಗಲೂ ನನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ಹೆದರಿಕೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆ.

ಹೋದ ಸಲ ಫೋನಿನಲ್ಲಿ ನೀನು ಕೇಳಿದೆ, ಅದೇನೇ ನಿನ್ನ ಕೆಲಸ, ಸಬಲೀಕರಣ ಸಬಲೀಕರಣ ಅಂತೀಯಲ್ಲ, ಹೆಂಗಸರಿಗೆ ಟಾನಿಕ್ಕು ಕುಡಿಸ್ತೀಯಾ ಅಂತ. ನಾನು ನಕ್ಕು ಮಾತು ತೇಲಿಸಿದೆ. ಅಪ್ಪ ಪಕ್ಕದಲ್ಲೇ ಇದ್ದ, ಕೆಮ್ಮು ಕೇಳಿಸಿತು. ಅದಕ್ಕೇ ಈ ಪತ್ರ. ನನ್ನ ಕೆಲಸ ಏನು ಅಂತ ಈ ಸಲ ಪೂರ್ತಿ ಹೇಳುತ್ತೇನೆ.

ಕಾಗದದ ಕಾರ್ಖಾನೆಯ ಹಿಂದೆ ಕೂಲಿಯವರ ಮನೆಗಳ ಸಾಲುಗಳಿವೆ. ನಾನು ಅಲ್ಲಿಗೆ ಹೋಗಿ ಹೆಂಗಸರನ್ನು ಕೂರಿಸಿಕೊಂಡು ಮಾತಾಡಿಸುತ್ತೇನೆ. ನಿಜ ಹೇಳಬೇಕೆಂದರೆ ಮಾತಾಡಿಸಬೇಕಾಗಿಯೇ ಇಲ್ಲ. ಅಲ್ಲೊಬ್ಬಳು ಮುದುಕಿ ಇದ್ದಾಳೆ, ಎಲ್ಲರೂ ರೇಡಿಯೋ ಅಜ್ಜಿ ಅಂತಾರೆ. ಒಂದು ಸಲ ಶುರುವಾದರೆ ಆರಿಸುವ ಗುಂಡಿ ಇಲ್ಲ. ಅವಳ ಗೋಡೆಗೆ ಗೋಡೆ ಹೊಂದಿಕೊಂಡ ಮನೆ ಹೊಲಿಗೆಯಕ್ಕನದು. ಆ ಅಕ್ಕ ಅಜ್ಜಿಗೆ ತದ್ವಿರುದ್ಧ, ಬಾಯಲ್ಲಿ ಸೂಜಿ ಕಚ್ಚಿಕೊಂಡವಳ ಹಾಗೆ ಕೂತಿರುತ್ತಾಳೆ. ಅವಳ ಗಂಡ ಕಾರ್ಖಾನೆಯಲ್ಲಿ ಮೇಸ್ತ್ರಿ. ನೀರಿನ ಟ್ಯಾಂಕರ್ ಬರದಿದ್ದರೆ ಓಡಾಡಿ ತರಿಸುವವನು ಅವನೇ, ಸತ್ತವರ ಮನೆಗೆ ಮೊದಲು ಹೋಗುವವನೂ ಅವನೇ. ಎಲ್ಲರಿಗೂ ಬೇಕಾದವನು, ಸದಾ ನಗುಮುಖ. ಅಂಥ ನಗು ನಿನಗೂ ಗೊತ್ತು, ನನಗೂ ಗೊತ್ತು.

ಹೋದ ವಾರ ನಾವು ನಕ್ಷೆ ಬರೆದೆವು. ನಮ್ಮಲ್ಲಿ ಅದೊಂದು ಪದ್ಧತಿ. ಬಯಲಿನಲ್ಲಿ ನೆಲ ಗುಡಿಸಿ, ಸುಣ್ಣದ ಪುಡಿಯಲ್ಲಿ ಹೆಂಗಸರೇ ತಮ್ಮ ಬೀದಿ, ನಲ್ಲಿ, ಶೌಚಾಲಯ, ಮನೆ ಎಲ್ಲ ಬರೆಯುತ್ತಾರೆ. ಆಮೇಲೆ ಎಲ್ಲಿ ಹೆದರಿಕೆಯಾಗುತ್ತದೋ ಅಲ್ಲಿ ಒಂದು ಗುರುತು ಇಡಬೇಕು. ಬೆಣಚು ಕಲ್ಲು ಇಡೋಣ ಅಂದೆ. ಹೊಲಿಗೆಯಕ್ಕ ಮಾತಿಲ್ಲದೆ ಎದ್ದು ಹೋಗಿ ಅಂಗಿಗೆ ಹಾಕುವ ಕೆಂಪು ಗುಂಡಿಗಳ ಡಬ್ಬಿ ತಂದು ನಡುವೆ ಇಟ್ಟಳು. ದೀಪವಿಲ್ಲದ ಓಣಿಯ ಮೇಲೆ ಗುಂಡಿಗಳು ಬಿದ್ದವು, ಶೌಚಾಲಯದ ಮೇಲೆ ಬಿದ್ದವು, ಸಾರಾಯಿ ಅಂಗಡಿಯ ಮುಂದೆ ರಾಶಿಯೇ ಬಿತ್ತು. ರೇಡಿಯೋ ಅಜ್ಜಿ ತನ್ನದನ್ನು ಸೊಸೆಯ ತವರುಮನೆಯ ದಿಕ್ಕಿಗೆ ಇಟ್ಟು ಎಲ್ಲರನ್ನೂ ನಗಿಸಿದಳು. ಆ ನಗುವಿನ ನಡುವೆಯೇ ಹೊಲಿಗೆಯಕ್ಕ ಬಗ್ಗಿ, ನಲ್ಲಿಯ ಪಕ್ಕದ ಮನೆಯ ಮೇಲೆ ಒಂದು ಗುಂಡಿ ಇಟ್ಟು ಹಿಂದಕ್ಕೆ ಸರಿದಳು. ಅದು ಅವಳದೇ ಮನೆ.

ಅಮ್ಮಾ, ನನಗೆ ಆಗ ಖುಷಿಯಾಯಿತು. ನೋಡು, ಬಾಯಿ ಬಿಡದವಳು ಇವತ್ತು ಹೇಳಿಬಿಟ್ಟಳು, ನಾನು ಹೇಳಿಸಿದೆ ಅಂತ. ಆ ಖುಷಿ ಕಾರ್ಖಾನೆಯ ಸೈರನ್ ಕೂಗುವವರೆಗೆ ಇತ್ತು. ಸೈರನ್ ಆದರೆ ಗಂಡಸರು ಆ ಬಯಲಿನ ಮೂಲಕವೇ ಮನೆಗೆ ಬರುತ್ತಾರೆ. ನಕ್ಷೆಯನ್ನು ಅಳಿಸಕೂಡದು, ಅದು ಜನರದ್ದು, ಎಲ್ಲರೂ ನೋಡಲಿ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಎಲ್ಲರೂ ಅಂದರೆ ಯಾರು ಯಾರು ಅಂತ ನಾನು ಯೋಚಿಸಿಯೇ ಇರಲಿಲ್ಲ. ಬಿಳಿ ಗೆರೆಗಳ ನಡುವೆ ಆ ಒಂದೇ ಒಂದು ಮನೆಯ ಮೇಲೆ ಕೆಂಪು ಗುಂಡಿ. ತೆಗೆದರೆ ಅವಳು ಹೇಳಿದ್ದನ್ನು ನಾನೇ ಅಳಿಸಿದ ಹಾಗೆ, ಬಿಟ್ಟರೆ ಅವನು ನೋಡುತ್ತಾನೆ.

ರೇಡಿಯೋ ಅಜ್ಜಿ ನನ್ನ ಮುಖ ನೋಡಿದಳು, ನಕ್ಷೆ ನೋಡಿದಳು. ಮೊದಲ ಸಲ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಡಬ್ಬಿಗೆ ಕೈ ಹಾಕಿ ಒಂದು ಗುಂಡಿಯನ್ನು ತನ್ನ ಮನೆಯ ಮೇಲೂ ಇಟ್ಟಳು. ಅವಳ ಸೊಸೆಯೂ ಒಂದು ಇಟ್ಟಳು. ಆಮೇಲೆ ಎದುರು ಮನೆಯವಳು, ಮೂಲೆಮನೆಯವಳು, ಹೀಗೆ ಒಬ್ಬೊಬ್ಬರೂ ಬಗ್ಗಿದರು. ಗಂಡಸರು ಬರುವಷ್ಟರಲ್ಲಿ ಆ ಸಾಲುಗಳಲ್ಲಿ ಗುಂಡಿಯಿಲ್ಲದ ಮನೆಯೇ ಇರಲಿಲ್ಲ. ಅಕ್ಕನನ್ನು ಮುಚ್ಚಿಡಲು ಇಟ್ಟವು ಎಷ್ಟು, ನಿಜವಾಗಿ ಇಟ್ಟವು ಎಷ್ಟು ಅಂತ ನಾನು ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಗಂಡಸರು ಸುತ್ತ ನಿಂತು ನೋಡಿದರು. ಮೇಸ್ತ್ರಿಯೊಬ್ಬನೇ ನಕ್ಕ. ಓಹೋ, ಎಲ್ಲರ ಮನೇಲೂ ಹೆದರಿಕೆನಾ, ಪರವಾಗಿಲ್ವೇ ಅಂದ. ಬಗ್ಗಿ ತನ್ನ ಮನೆಯ ಮೇಲಿದ್ದ ಗುಂಡಿಯನ್ನು ಎತ್ತಿಕೊಂಡು, ಊದಿ, ಜೇಬಿಗೆ ಹಾಕಿಕೊಂಡ. ನಮ್ಮನೇದು ನಾನು ತಗೊಂಡೋಗ್ತೀನಿ ಮೇಡಂ, ಹೊಲಿಯೋಕೆ ಬರುತ್ತೆ ಅಂದ. ನಾನು ಬಸ್ಸು ಹತ್ತಿ ಮನೆಗೆ ಬಂದೆ. ಅವಳು ಆ ಜೇಬಿನ ಹಿಂದೆ ನಡೆದು ಮನೆಗೆ ಹೋದಳು. ನನ್ನ ಕೆಲಸದಲ್ಲಿ ಕಲಿತದ್ದು ಏನು ಅಂತ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ: ಧೈರ್ಯ ಹೇಳುವವರು ಸಂಜೆ ಬಸ್ಸು ಹತ್ತುತ್ತೇವೆ, ಧೈರ್ಯ ಮಾಡಿದವರು ಅಲ್ಲೇ ಉಳಿಯುತ್ತಾರೆ.

ಮರುದಿನ ಹೊಲಿಗೆ ಯಂತ್ರದ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಹಗಲೆಲ್ಲ ಬಾಗಿಲಿಗೆ ಹೊರಗಿನಿಂದ ಬೀಗ. ತವರಿಗೆ ಹೋಗಿದಾಳೆ ಅಂತ ಮೇಸ್ತ್ರಿ ಎಲ್ಲರಿಗೂ ಹೇಳಿದ. ಆದರೆ ರೇಡಿಯೋ ಅಜ್ಜಿಗೆ ಗೋಡೆಯ ಆಚೆ ಲೋಟ ಇಟ್ಟ ಸದ್ದು ಕೇಳಿಸಿತ್ತು. ನಮ್ಮ ದೊಡ್ಡ ಮೇಡಂ ಠಾಣೆಗೆ ಹೋಗಿ ಬಂದರು. ಕಾಣೆಯಾದವಳ ಬಗ್ಗೆ ಗಂಡನೇ ದೂರು ಕೊಡಬೇಕು ಅಂದರಂತೆ ಪೊಲೀಸರು. ಮುಚ್ಚಿದ ಬಾಗಿಲಿನ ಆಚೆ ಏನೇನು ಇರಬಹುದು ಅಂತ ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲವಲ್ಲ.

ದಾರಿ ಹುಡುಕಿದವಳು ಅಜ್ಜಿಯೇ. ಅವನಿಗೆ ಒಳ್ಳೆಯವನು ಅನ್ನಿಸಿಕೊಳ್ಳೋ ಚಟ ಇದೆ, ನಾಲ್ಕು ಜನರ ಎದುರಿಗೆ ಬಾಗಿಲು ಹಾಕಲಾರ ಅಂದಳು. ಅವತ್ತು ಸಂಜೆ ಮೇಸ್ತ್ರಿ ಬೀಗ ತೆಗೆದು ಒಳಗೆ ಹೋಗುತ್ತಿದ್ದಂತೆ ಅಜ್ಜಿ ಮಗನ ಅಂಗಿ ಹಿಡಿದುಕೊಂಡು ಹೋಗಿ ನಿಂತಳು, ತೋಳು ಹರಿದಿದೆ ಹೊಲಿಸಬೇಕು ಅಂತ. ಅವಳು ಊರಲ್ಲಿಲ್ಲ ಅಜ್ಜಿ ಅಂದ ಅವನು. ಇಲ್ದಿದ್ರೆ ಏನಂತೆ, ಯಂತ್ರದ ಮೇಲೆ ಇಟ್ಟು ಬರ್ತೀನಿ, ನನಗೇನು ಹೊಸ ಮನೆನಾ ಅಂತ ಅವನ ಕಂಕುಳಡಿ ನುಗ್ಗಿಯೇಬಿಟ್ಟಳು. ಹಿಂದೆ ಸೊಸೆ ದಿಂಬಿನ ಕವರು ಹಿಡಿದು ನಿಂತಿದ್ದಳು. ಅವಳ ಹಿಂದೆ ಎದುರು ಮನೆಯವಳು ಲಂಗ ಹಿಡಿದು, ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರ ಕೈಯಲ್ಲೂ ಆಗತಾನೇ ಹರಿದ ಬಟ್ಟೆ. ಒಬ್ಬಳಂತೂ ಗಂಡನ ಹೊಸ ಪ್ಯಾಂಟನ್ನೇ ಹರಿದಿದ್ದಳು, ಇದೇ ಅವಕಾಶ ಅಂತ. ಸಾಲಿನ ಕೊನೆಯಲ್ಲಿ ನಾನು ನನ್ನ ವೇಲು ಹಿಡಿದು ನಿಂತಿದ್ದೆ.

ಅಕ್ಕ ಒಳಗೇ ಇದ್ದಳು. ಯಂತ್ರದ ಹಿಂದೆ ನೆಲದ ಮೇಲೆ ಕೂತಿದ್ದಳು, ಬಲಗೈಗೆ ಬಟ್ಟೆ ಸುತ್ತಿಕೊಂಡು. ಅವಳು ಹೊಲಿಯುವ ಕೈ ಅದು. ಯಾರೂ ಏನಾಯಿತು ಅಂತ ಕೇಳಲಿಲ್ಲ. ಅಜ್ಜಿ ಅವಳ ಪಕ್ಕ ಕೂತು ಮಳೆ, ಬೆಲೆ, ಮಂಡಿನೋವು ಅಂತ ಶುರುಹಚ್ಚಿದಳು. ಆ ಪುಟ್ಟ ಕೋಣೆ ಹೆಂಗಸರಿಂದ ತುಂಬಿತು, ಮೇಸ್ತ್ರಿ ನಗುತ್ತಾ ನಗುತ್ತಾ ಹಿಂದೆ ಸರಿದು ತನ್ನದೇ ಮನೆಯ ಹೊಸ್ತಿಲಾಚೆ ಹೋಗಿ ನಿಂತ. ಎಷ್ಟೋ ಹೊತ್ತಿನ ಮೇಲೆ ಅಕ್ಕ ಎದ್ದಳು. ಎಡಗೈಯಲ್ಲಿ ಗುಂಡಿಯ ಡಬ್ಬಿ ಎತ್ತಿಕೊಂಡಳು. ನಾವೆಲ್ಲ ಅವಳನ್ನು ಸುತ್ತುವರಿದು ನಡೆದೆವು. ಅವನ ಮುಂದೆಯೇ ಹಾದುಹೋದೆವು.

ಈಗ ಅವಳು ಎಲ್ಲಿದ್ದಾಳೆ ಅಂತ ನಿನಗೂ ಬರೆಯುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ಕೈಯ ಮೂಳೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹೆದರಿಕೆ ಮಾತ್ರ ಮುಗಿದಿಲ್ಲ. ಮೇಸ್ತ್ರಿ ದಿನವೂ ಕೆಲಸ ಬಿಟ್ಟು ಬಂದು ನಮ್ಮ ಕಚೇರಿಯ ಗೇಟಿನ ಎದುರು ನಿಲ್ಲುತ್ತಾನೆ. ಬೈಯುವುದಿಲ್ಲ, ಕೂಗುವುದಿಲ್ಲ. ಊಟ ಆಯ್ತಾ ಮೇಡಂ ಅಂತ ಕೇಳುತ್ತಾನೆ. ನಿನ್ನೆ, ಮನೇಲಿ ಅಮ್ಮ ಚೆನ್ನಾಗಿದಾರಾ ಅಂದ. ಅವನಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಕೇಳಿದ್ದು ಅಂತ ದೊಡ್ಡ ಮೇಡಂ ಸಮಾಧಾನ ಮಾಡಿದರು. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ಅಮ್ಮಾ. ರಾತ್ರಿಯೆಲ್ಲ ಅದೇ ಕೊರೆಯಿತು.

ಒಂದು ಮಾತು ಬಿಟ್ಟಿದ್ದೆ. ನಕ್ಷೆ ಬರೆದ ದಿನ ಹೆಂಗಸರು ನನ್ನನ್ನೂ ಬಿಡಲಿಲ್ಲ, ನಿಮ್ಮದೂ ಒಂದು ಇಡಿ ಅಂದರು. ನನ್ನ ಮನೆ ಇಲ್ಲಿಲ್ಲವಲ್ಲ ಅಂದೆ. ಅಂಚಿನಲ್ಲಿ ಬರ್ಕೊಳ್ಳಿ, ಸುಣ್ಣ ಬೇಕಾದಷ್ಟಿದೆ ಅಂದಳು ಅಜ್ಜಿ. ನಾನು ಬಗ್ಗಿ ನಮ್ಮ ಮನೆ ಬರೆದೆ. ಮುಂದಿನ ಬಾಗಿಲು, ಅಡುಗೆಕೋಣೆ, ನಾನು ಮಂಚದ ಕೆಳಗೆ ಕಿವಿ ಮುಚ್ಚಿಕೊಂಡು ಮಲಗುತ್ತಿದ್ದ ಆ ಹಿಂದಿನ ಕೋಣೆ. ಆಮೇಲೆ ಗುಂಡಿಯನ್ನು ಬಸ್ ನಿಲ್ದಾಣದ ಮೇಲೆ ಇಟ್ಟ ಹಾಗೆ ಮಾಡಿ ಪರ್ಸಿಗೆ ಹಾಕಿಕೊಂಡೆ. ಊರಿನ ಹೆಂಗಸರಿಗೆಲ್ಲ ಧೈರ್ಯ ಹೇಳುವ ನಿನ್ನ ಮಗಳಿಗೆ ಅಷ್ಟು ಕೈಲಾಗಲಿಲ್ಲ. ಅಪ್ಪ ಅಲ್ಲಿರಲಿಲ್ಲ, ಆದರೂ ಅವನು ನೋಡಿಬಿಟ್ಟರೆ ಅನ್ನಿಸಿತು.

ನೀನು ಫೋನಿನಲ್ಲಿ ಯಾವಾಗಲೂ ನಗುನಗುತ್ತಾ ಮಾತಾಡುತ್ತೀಯ. ಆ ನಗು ಯಾರಿಗೆ ಕೇಳಿಸಲಿ ಅಂತ ನಗುತ್ತೀಯ ಎನ್ನುವುದು ನನಗೆ ಗೊತ್ತು. ಜಾರಿ ಬಿದ್ದೆ ಅಂತ ಹೋದ ತಿಂಗಳು ನೀನು ಅಂದೆ. ಅದಕ್ಕೂ ಹಿಂದೆ ಬಾಗಿಲು ತಾಗಿತು ಅಂದೆ. ನಾನು ಹೌದಾ ಅಂದು ಸುಮ್ಮನಾದೆ. ಇನ್ನು ಹಾಗೆ ಸುಮ್ಮನಿರಲು ಆಗುವುದಿಲ್ಲ.

ನಿನ್ನ
ಗುಬ್ಬಿ

ತಾ.ಕ.: ಈ ಪತ್ರವನ್ನು ಮನೆಗೆ ಕಳಿಸದೆ ನೀನು ಹಾಸಿಗೆ ಬಟ್ಟೆ ಮಡಿಸುವ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಓದಿ ಅಲ್ಲೇ ಹರಿದು ಹಾಕು. ಒಳಗಿರುವ ಕೆಂಪು ಗುಂಡಿ ಮಾತ್ರ ನಿನ್ನದು, ಇಟ್ಟುಕೋ. ಭಾನುವಾರ ಅಪ್ಪ ಮನೆಯಲ್ಲೇ ಇರುತ್ತಾನೆ ಅಂತ ಗೊತ್ತು, ಅವತ್ತೇ ಬರುತ್ತೇನೆ. ನನ್ನ ಹಸಿರು ಕುರ್ತಾದ ಭುಜ ಹರಿದಿದೆ, ನೀನೇ ಹೊಲಿದುಕೊಡಬೇಕು. ರೇಡಿಯೋ ಅಜ್ಜಿಯೂ ಬರುತ್ತಾಳೆ, ಅವಳ ಸೊಸೆಯೂ, ಎದುರು ಮನೆಯವಳೂ. ಅಜ್ಜಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕಂತೆ. ಎಲ್ಲರ ಬಟ್ಟೆಗಳೂ ಹರಿದಿವೆ. ಬೆಳಿಗ್ಗೆಯಿಂದ ಕೂತು ನಾವೇ ಹರಿದೆವು.