ಅರಿಶಿನದ ಹೆಬ್ಬೆಟ್ಟು

ಗುಯಾವ್, ಗ್ರೆನಡಾ

ಗ್ರಂಥಪಾಲಕ ಆಲೀನ್ ಅವರಿಗೆ ನಮಸ್ಕಾರ.

ಕ್ರಾಂತಿ ಸರ್ಕಾರದ ಆ ಪುಸ್ತಿಕೆಯ ಶುಚಿಯಾದ ಪ್ರತಿ ನಿಮ್ಮಲ್ಲಿ ಈಗಾಗಲೇ ಇದೆ, ನಾನು ಕೊಟ್ಟ ಕಲೆಯಾದ ಪ್ರತಿಯನ್ನು ಎಸೆಯುತ್ತೇವೆ ಎಂದು ಬರೆದಿದ್ದೀರಿ. ದಯವಿಟ್ಟು ಎಸೆಯಬೇಡಿ.

ಪುಟ್ಟ ದೇಶಕ್ಕೂ ತನ್ನ ದಾರಿಯನ್ನು ತಾನೇ ಆರಿಸುವ ಹಕ್ಕಿದೆ ಎಂದು ಪರದೇಶಗಳಿಗೆ ತಿಳಿಸಲು ಅಚ್ಚಾದ ಪುಸ್ತಿಕೆ ಅದು. ಹಾಳೆ ಮಡಚಿ ಪಿನ್ ಹೊಡೆಯಲು ನಮ್ಮ ಅಂಗಳದಲ್ಲಿ ಮರೂನ್ ಎಂಬ ಊರೊಟ್ಟಿನ ದುಡಿಮೆ ಕೂಡಿತ್ತು. ನೆರೆಹೊರೆಯವರೆಲ್ಲ ಕೂಲಿಯಿಲ್ಲದೆ ದುಡಿದು, ಒಂದೇ ಹಂಡೆಯಲ್ಲಿ ಅರಿಶಿನ ಹಾಕಿ ಬೇಯಿಸಿದ ದೀವಿಹಲಸು ಉಂಡು, ಅರಿಶಿನದ ಕೈಯಲ್ಲೇ ಮತ್ತೆ ಕೆಲಸಕ್ಕೆ ಕೂತರು. ನಾನಾಗ ಚಿಕ್ಕವಳು.

ಸಚಿವಾಲಯದಿಂದ ಬಂದ ಅಧಿಕಾರಿ ಹಾಳೆಗಳ ಮೇಲಿನ ಹಳದಿ ಗುರುತು ಕಂಡು ತಲೆ ಮೇಲೆ ಕೈ ಹೊತ್ತ. "ಏನ್ ಟ್ಯಾಂಟಿ ಇದು! ರಾಯಭಾರಿಗಳ ಕೈಗೆ ಇದನ್ನ ಹೆಂಗ್ ಕೊಡ್ಲಿ?"

"ಹಂಗೇ ಕೊಡಪ್ಪ," ಎಂದಳು ಊರಿಗೆಲ್ಲ ಟ್ಯಾಂಟಿ, ಎಂದರೆ ಚಿಕ್ಕಮ್ಮನಾಗಿದ್ದ ನನ್ನ ಅಮ್ಮ. "ದೇಶ ಯಾರ್ದು ಅಂತ ಕೇಳಿದ್ರೆ ನನ್ನ ಹೆಬ್ಬೆಟ್ಟು ತೋರ್ಸು. ಮೊದ್ಲು ಕೂತು ಉಣ್ಣು."

ಅವನು ನಕ್ಕು ಕೂತ. ನಾನು ಕೊಟ್ಟ ಪ್ರತಿಯ ಮೇಲಿನ ಕಲೆ ಅದೇ ಹೆಬ್ಬೆಟ್ಟು.

ಆ ಸರ್ಕಾರ ಮಾಡಿದ್ದೆಲ್ಲ ಸರಿ ಎನ್ನಲಾರೆ. ನಾನು ಉಳಿಸಲು ಹೊರಟಿರುವುದು ಇತಿಹಾಸವನ್ನೋ ನನ್ನ ಬಾಲ್ಯವನ್ನೋ, ಅದೂ ಗೊತ್ತಿಲ್ಲ. ಆದರೆ ಅಂಥ ಸಂಜೆ ನಮ್ಮ ಬೀದಿಗೆ ಮತ್ತೆ ಬರಲಿಲ್ಲ.

ಜಾಗ ಸಾಲದಿದ್ದರೆ ಶುಚಿಯಾದ ಪ್ರತಿಯ ಒಳಗೇ ಇದನ್ನೂ ಸೇರಿಸಿಡಿ. ತನ್ನ ಪುಸ್ತಕ ಗ್ರಂಥಾಲಯದಲ್ಲಿದೆ ಎಂದು ಅಮ್ಮ ಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಸೋಮವಾರ ನೋಡಲು ಬರುತ್ತಾಳಂತೆ.

ವಿಶ್ವಾಸದಿಂದ,
ಜೋಸೆಟ್ ಫ್ರಾಂಸ್ವಾ